ಹಳೆಯ ಆರ್‌ಎಸ್ಸೋ, ಹೊಸ ಕೂಪೆಯೋ? ಮೊದಲು ಮನೆಯ ಬೊಲೆರೊ ಕೇಳಿ

ಪ್ರಶ್ನೆ: ಸರ್, ನಮ್ಮೂರು ಹೊಸನಗರದ ಹತ್ತಿರ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ತಿಂಗಳಲ್ಲಿ ಎರಡು ವಾರ ಅಲ್ಲಿ, ಎರಡು ವಾರ ಊರಿನಿಂದ. ನನಗೆ ಡ್ರೈವಿಂಗ್ ಅಂದರೆ ಪ್ರಾಣ. ಹತ್ತು ವರ್ಷ ಸಣ್ಣ ಕಾರು ಓಡಿಸಿದ್ದಾಯಿತು, ಈಗ ನಿಜವಾಗಿ ಓಡುವಂಥದ್ದು ಬೇಕು. ಕೈಯಲ್ಲಿ 22 ಲಕ್ಷ ಇದೆ, ಸಾಲ ಮಾಡೋದಿಲ್ಲ. 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಂದು ನೋಡಿದ್ದೇನೆ. ಪುಣೆ ರಿಜಿಸ್ಟ್ರೇಷನ್, ಎರಡು ಕೈ ದಾಟಿ ಈಗ ಮೂರನೇ ಓನರ್ ಹತ್ತಿರ ಇದೆ, 64,000 ಕಿ.ಮೀ. ಓಡಿದೆ, ಸ್ಟೇಜ್ ಒನ್ ಟ್ಯೂನ್ ಮಾಡಿಸಿದ್ದಾರೆ, 18 ಇಂಚಿನ ವೀಲ್ ಹಾಕಿದ್ದಾರೆ. 18.5 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು ಕಡೆ ಹೊಸ ಟಾಟಾ ಕರ್ವ್ ಪೆಟ್ರೋಲ್ ಆಟೊಮ್ಯಾಟಿಕ್. ಆ ಕೂಪೆ ಶೇಪ್‌ಗೆ ಮನಸೋತಿದ್ದೇನೆ. ಇನ್ನೊಬ್ಬರು ಓಡಿಸಿ ಬಿಟ್ಟ ಕಾರು ನಮಗೆ ಯಾಕೆ ಅನ್ನುವುದು ಅಪ್ಪಯ್ಯನ ವಾದ. ಮುಖ್ಯರಸ್ತೆಯಿಂದ ಮನೆಗೆ ಒಂದೂವರೆ ಕಿ.ಮೀ. ಮಣ್ಣಿನ ದಾರಿ. ಮನೆಯಲ್ಲಿ ಅಪ್ಪಯ್ಯನ ಬೊಲೆರೊ ಇದೆ. ಯಾವುದು ತಗೊಳ್ಳಲಿ?

ಉತ್ತರ: ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದು ಬಿಟ್ಟಿದ್ದೀರಲ್ಲ, ಬೊಲೆರೊ ಇದೆ ಅಂತ, ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಅದೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಕರ್ವ್ ವಿಷಯ ಮಾತಾಡಿಬಿಡೋಣ, ಅದು ಬೇಗ ಮುಗಿಯುತ್ತೆ.

ಕೂಪೆ ಅಂದರೆ ಮೊದಲೆಲ್ಲ ಎರಡೇ ಬಾಗಿಲು, ತಗ್ಗಿನ ಮೈ, ನಮ್ಮ ಹೆಂಚಿನ ಮನೆಯ ಮಾಡಿನ ಹಾಗೆ ಹಿಂದಕ್ಕೆ ಜಾರಿದ ತಲೆ. 2004ರಲ್ಲಿ ಮರ್ಸಿಡಿಸ್‌ನವರು ಸಿಎಲ್‌ಎಸ್ ತಂದು ನಾಲ್ಕು ಬಾಗಿಲಿನ ಕಾರಿಗೂ ಕೂಪೆ ಅಂದರು. 2008ರಲ್ಲಿ ಬಿಎಂಡಬ್ಲ್ಯು ಎಕ್ಸ್6 ಬಂದಮೇಲೆ ಎತ್ತರದ ಎಸ್‌ಯುವಿಗೂ ಆ ಹೆಸರು ಅಂಟಿತು. ನಮ್ಮಲ್ಲಿ 2024ರಲ್ಲಿ ಬಂದ ಕರ್ವ್, ಸಿಟ್ರೊಯೆನ್ ಬಸಾಲ್ಟ್ ಎರಡೂ ಈ ಕೊನೆಯ ಜಾತಿಯವು. ಮಾಡು ಮಾತ್ರ ಕೂಪೆಯದ್ದು, ಕೆಳಗಿರುವುದು ಎಸ್‌ಯುವಿ. 22 ಲಕ್ಷಕ್ಕೆ ಹೊಸದಾಗಿ ಎರಡು ಬಾಗಿಲಿನ ಅಸಲಿ ಕೂಪೆ ನಮ್ಮ ದೇಶದಲ್ಲಿ ಸಿಗೋದೇ ಇಲ್ಲ.

ಕರ್ವ್ ಕೆಟ್ಟ ಕಾರಲ್ಲ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ, 208 ಮಿ.ಮೀ., 500 ಲೀಟರ್ ಡಿಕ್ಕಿ, ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್. ನಿಮ್ಮ ಮನೆಯ ದಾರಿಗೆ ಹೇಳಿ ಮಾಡಿಸಿದ ಹಾಗಿದೆ. ಅದರ ದೊಡ್ಡ ಪೆಟ್ರೋಲ್ ಇಂಜಿನ್, ಹೈಪೀರಿಯನ್ ಅಂತಾರಲ್ಲ, ಅದರ ಶಕ್ತಿ 125 ಪಿಎಸ್, ಎಳೆತ, ಅಂದರೆ ಟಾರ್ಕ್, 225 ನ್ಯೂಟನ್ ಮೀಟರ್. ದಿನಬಳಕೆಗೆ ಧಾರಾಳ. ಆದರೆ ನೀವು ಕೇಳಿದ್ದು ದಿನಬಳಕೆಗಲ್ಲ ಅಲ್ವಾ? ಎತ್ತರದ ಕಾರು, ಮೈಭಾರವೂ ಇದೆ. ತಿರುವಿನಲ್ಲಿ ಮೈ ವಾಲಿಸುತ್ತೆ, ವಾಲಿ ಮತ್ತೆ ನೆಟ್ಟಗಾಗಲು ಒಂದು ಕ್ಷಣ ತಗೊಳ್ಳುತ್ತೆ. ಬೇರೆಯವರಿಗೆ ಅದು ಗೊತ್ತೂ ಆಗಲ್ಲ. ಡ್ರೈವಿಂಗ್ ಅಂದರೆ ಪ್ರಾಣ ಅನ್ನುವವರಿಗೆ ಮೂರನೇ ತಿಂಗಳಿಗೇ ಅದು ಕಿರಿಕಿರಿ ಶುರುವಾಗುತ್ತೆ. ಶೇಪ್‌ಗೆ ಮನಸೋತು ತಗೊಂಡ ಕಾರಿನ ಸ್ಟೀರಿಂಗ್ ಹಿಂದೆ ಕೂತಾಗ ಆ ಶೇಪ್ ನಿಮಗೆ ಕಾಣಿಸೋದೂ ಇಲ್ಲ. ಮಲಗಿದ ಹಿಂದಿನ ಗಾಜಿನಿಂದ ಕಾಣುವ ಸಣ್ಣ ಕಿಂಡಿ ಮಾತ್ರ ಕಾಣುತ್ತೆ.

ಈಗ ಆರ್‌ಎಸ್‌ಗೆ, ಅಂದರೆ ಆಕ್ಟೇವಿಯಾದ ಜೋರು ಓಟದ ಮಾಡೆಲ್‌ಗೆ ಬರೋಣ. 2017ರಲ್ಲಿ ಇಲ್ಲಿಗೆ ಬಂದಾಗ ಎಕ್ಸ್ ಶೋರೂಮ್ ಸುಮಾರು 25 ಲಕ್ಷ. ಬಂದಿದ್ದೇ ಕೆಲವು ನೂರು ಕಾರು. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ನ್ಯೂಟನ್ ಮೀಟರ್, ನಿಂತಲ್ಲಿಂದ 100ಕ್ಕೆ 6.8 ಸೆಕೆಂಡ್ ಅಂತ ಕಂಪನಿ ಲೆಕ್ಕ. ಟಾಪ್ ಸ್ಪೀಡ್ 250. ಅದನ್ನು ಬಿಡಿ, ಆಯನೂರು ದಾಟಿದ ಮೇಲೆ ರಾತ್ರಿ ಕಡವೆ ಅಡ್ಡ ಬಂದರೆ 60ರಲ್ಲೇ ಜೀವ ಬಾಯಿಗೆ ಬರುತ್ತೆ. ನಮಗೆ ಬೇಕಾದ ಅಂಕಿ ಬೇರೆ. ಆ 350 ಟಾರ್ಕ್ 1500 ಆರ್‌ಪಿಎಂಗೇ ಸಿಕ್ಕಿ, 4600ರ ತನಕ ಹಾಗೇ ನಿಲ್ಲುತ್ತೆ. ಹುಲಿಕಲ್ ಘಾಟಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಮುಂದೆ ಲೋಡ್ ತುಂಬಿದ ಲಾರಿ ಮೊದಲನೇ ಗೇರಿನಲ್ಲಿ ನರಳುತ್ತಿದೆ, ಅದರ ಹೊಗೆ ನಿಮ್ಮ ಮುಖಕ್ಕೆ. ತಿರುವು ಮುಗಿದು ಚೂರು ನೇರ ರಸ್ತೆ ಕಂಡಿತು, ಎದುರಿಗೆ ಯಾರೂ ಇಲ್ಲ. ಸಾಧಾರಣ ಕಾರಿನಲ್ಲಿ ಗೇರ್ ಇಳಿಸಿ, ಇಂಜಿನ್ ಕೂಗಿಸಿ, ದೇವರ ಮೇಲೆ ಭಾರ ಹಾಕಿ ಹೊರಡುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತೆ. ಇದರಲ್ಲಿ ಕಾಲು ಊರಿದರೆ ಸಾಕು, ಲಾರಿ ಹಿಂದೆ ಉಳಿದು ಎರಡು ಉಸಿರು ಆಗಿರುತ್ತೆ. ಒಮ್ಮೆ ಈ ರುಚಿ ಹತ್ತಿದರೆ ಬಿಡೋದು ಕಷ್ಟ.

ಮಳೆಗಾಲದಲ್ಲಿ ಇದೇ ಟಾರ್ಕ್ ತಿರುಗಿ ಬೀಳುತ್ತೆ, ಅದನ್ನೂ ಕೇಳಿಕೊಳ್ಳಿ. ಇದು ಫ್ರಂಟ್ ವೀಲ್ ಡ್ರೈವ್. ಎಳೆಯುವುದೂ ಮುಂದಿನ ಎರಡು ಚಕ್ರ, ತಿರುಗಿಸುವುದೂ ಅವೇ. ಜುಲೈ ತಿಂಗಳಲ್ಲಿ ಮಾಸ್ತಿಕಟ್ಟೆ ಕಡೆ ರಸ್ತೆ ಅಂಚಿಗೆಲ್ಲ ಪಾಚಿ, ಮೇಲೆ ಕೊಳೆತ ಎಲೆ. ಅಲ್ಲಿ ತಿರುವಿನಲ್ಲಿರುವಾಗಲೇ ಆಕ್ಸಿಲರೇಟರ್ ತುಳಿದರೆ ಚಕ್ರ ಸುಮ್ನೆ ಗಿರಗಿರ ತಿರುಗಿ ಕಾರು ದರೆ ಕಡೆಗೋ, ಕಣಿವೆ ಕಡೆಗೋ ನೇರ ಹೊರಡುತ್ತೆ. ಎಲೆಕ್ಟ್ರಾನಿಕ್ಸ್ ಹಿಡಿಯುತ್ತೆ, ನಿಜ. ಆದರೆ ಟೈರ್ ಸವೆದಿದ್ದರೆ ಅದಕ್ಕೂ ಹಿಡಿಯಲು ಏನೂ ಇರೋದಿಲ್ಲ.

ನನಗೂ ಈ ಹುಚ್ಚು ಹತ್ತಿತ್ತು. ಹತ್ತು ವರ್ಷದ ಹಿಂದೆ ಒಂದು ಹಳೆಯ ಟರ್ಬೊ ಸೆಡಾನ್ ತಗೊಂಡೆ, ಹೆಸರು ಬೇಡ. ಗ್ಯಾರೇಜ್ ಇಟ್ಟವನು, ಎಲ್ಲ ಗೊತ್ತು ಅನ್ನುವ ಜಂಬ ಬೇರೆ. ಮಾರಿದವರ ಮಾತು ನಂಬಿದೆ, ಸರ್ವೀಸ್ ಫೈಲ್ ಕೇಳಲಿಲ್ಲ. ಆಷಾಢದ ಒಂದು ಸಂಜೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ಹದಿನಾಲ್ಕು ತಿರುವಿನಲ್ಲಿ ಅರ್ಧ ಮುಗಿಸಿದ್ದೆ, ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ. ಕಾರಿನೊಳಗೆ ಏನೋ ಸಿಹಿ ವಾಸನೆ, ಬೆಲ್ಲ ಕಾಯಿಸಿದ ಹಾಗೆ. ನಿಲ್ಲಿಸಿ ಬಾನೆಟ್ ಎತ್ತಿದರೆ ವಾಟರ್ ಪಂಪಿನ ಪ್ಲಾಸ್ಟಿಕ್ ಹೌಸಿಂಗ್ ಸೀಳಿ ಕೂಲಂಟ್ ಪೂರ್ತಿ ಹೋಗಿತ್ತು. ಸುತ್ತ ಮಂಜು, ಫೋನಿಗೆ ಸಿಗ್ನಲ್ ಇಲ್ಲ, ಕಾಲಿಗೆ ಇಂಬಳ. ಕೆಳಗಿನಿಂದ ಬಂದ ಟೆಂಪೊದವರು ಆಗುಂಬೆ ತನಕ ಕರೆದುಕೊಂಡು ಹೋದರು. ಪಾರ್ಟ್ ಬೆಂಗಳೂರಿನಲ್ಲೂ ಇರಲಿಲ್ಲ. ಕೊನೆಗೆ ಹನ್ನೊಂದನೇ ದಿನ ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಶಿವಮೊಗ್ಗ ಸ್ಟ್ಯಾಂಡಿಗೆ ಬಂತು. ಆ ಹನ್ನೊಂದು ದಿನ ನಾನು ಹೆಂಡತಿಯ ಸ್ಕೂಟಿಯಲ್ಲಿ ಓಡಾಡಿದೆ. ಅವಳು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು.

ಇಂಥ ಕಾರು ಕೆಡುವುದೇ ದೊಡ್ಡ ಸಮಸ್ಯೆ ಅಂತ ಜನ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಕೆಟ್ಟ ಮೇಲೆ ನಿಂತುಬಿಡುವುದು ದೊಡ್ಡ ಸಮಸ್ಯೆ. ರಿಪೇರಿ ಅರ್ಧ ದಿನದ್ದಿರುತ್ತೆ, ಪಾರ್ಟ್‌ಗೆ ಎರಡು ವಾರ. ಅಷ್ಟು ದಿನ ಮನೆಯವರು ಏನು ಮಾಡಬೇಕು? ಅಪ್ಪಯ್ಯನಿಗೆ ರಾತ್ರಿ ಎದೆನೋವು ಬಂದರೆ ಹೊಸನಗರಕ್ಕೆ ಯಾವುದರಲ್ಲಿ ಹೋಗೋದು? ಮನೆಗೆ ಒಂದೇ ಕಾರು ಇರುವವರು ಹಳೆಯ ಪರ್ಫಾರ್ಮೆನ್ಸ್ ಕಾರು ತಗೊಳ್ಳಲೇಬಾರದು ಅಂತ ನಾನು ಕಡ್ಡಿ ಮುರಿದ ಹಾಗೆ ಹೇಳುವುದು ಇದಕ್ಕೇ. ನಿಮ್ಮ ಅಂಗಳದಲ್ಲಿ ಬೊಲೆರೊ ಇದೆ. ಹಾಗಾಗಿ ನಿಮ್ಮ ಲೆಕ್ಕವೇ ಬೇರೆ.

ಎರಡನೆಯದು ದುಡ್ಡು. ಸಕ್ರೆಬೈಲಿನ ಮಾವುತರನ್ನು ಕೇಳಿ ನೋಡಿ, ಆನೆ ಹಿಡಿದು ತರುವುದಕ್ಕಿಂತ ಅದಕ್ಕೆ ದಿನಾ ಮೇವು ಹೊಂದಿಸುವುದು ದೊಡ್ಡ ಕೆಲಸ. 22 ಲಕ್ಷ ಇದೆ ಅಂದರೆ 18ರ ಮೇಲೆ ಒಂದು ರೂಪಾಯಿ ಕಾರಿಗೆ ಹಾಕಬೇಡಿ. ಉಳಿದ ನಾಲ್ಕು ಲಕ್ಷ ಬ್ಯಾಂಕಿನಲ್ಲಿ ಬೇರೆ ಇಡಿ. ಅದು ಕಾರಿನ ದುಡ್ಡು, ತೋಟದ ಖರ್ಚಿಗೆ ಮುಟ್ಟುವ ಹಾಗಿಲ್ಲ. ಮೊದಲ ವರ್ಷದಲ್ಲೇ ನಾಲ್ಕು ಟೈರು, ಬ್ರೇಕ್ ಡಿಸ್ಕ್ ಪ್ಯಾಡು, ಗೇರ್‌ಬಾಕ್ಸ್ ಆಯಿಲ್ಲು, ಬ್ಯಾಟರಿ, ಸಸ್ಪೆನ್ಷನ್ ಬುಷ್ಷು, ಜೊತೆಗೆ ಯಾವುದೋ ಒಂದು ಸೆನ್ಸರ್ ಅಂತ ಎರಡು ಎರಡೂವರೆ ಲಕ್ಷ ಕೇಳದೇ ಹೋಗಿಬಿಡುತ್ತೆ. ಅದಾದ ಮೇಲೆ ಎರಡು ವರ್ಷ ಸುಮ್ಮನಿರುತ್ತೆ. ಮೈಲೇಜ್ ಕೇಳಬೇಡಿ. ಹೈವೇಯಲ್ಲಿ ನಿಧಾನ ಹೋದರೆ 12, 13 ಬರಬಹುದು, ಘಾಟಿಯಲ್ಲಿ ಖುಷಿಯಾಗಿ ಓಡಿಸಿದರೆ 8.

ಇನ್ನು ನೀವು ನೋಡಿರುವ ಆ ಪುಣೆ ಕಾರು. ಅದು ಬೇಡ. ಒಂದೊಂದಾಗಿ ಹೇಳುತ್ತೇನೆ, ಮುಂದೆ ಬೇರೆ ಕಾರು ನೋಡುವಾಗಲೂ ಉಪಯೋಗಕ್ಕೆ ಬರುತ್ತೆ.

ಹೊರ ರಾಜ್ಯದ ರಿಜಿಸ್ಟ್ರೇಷನ್ ಅಂದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಮೇಲಿನ ಕಾರಿಗೆ ತೆರಿಗೆ ಶೇ. 18, ಮೇಲೆ ಸೆಸ್ ಬೇರೆ. ಕಾರಿನ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಆದರೆ ಲೆಕ್ಕ ಹಿಡಿಯುವುದು ಆಗಿನ ಹೊಸ ಕಾರಿನ ಬೆಲೆ ಮೇಲೆ, ನೀವು ಕೊಟ್ಟ ಬೆಲೆ ಮೇಲಲ್ಲ. ಎರಡು ಲಕ್ಷ ದಾಟಿದರೂ ಆಶ್ಚರ್ಯ ಇಲ್ಲ. ಅಲ್ಲಿಯ ತೆರಿಗೆ ವಾಪಸ್ ಬರುತ್ತೆ ಅಂತ ಮಾರುವವರು ಹೇಳುತ್ತಾರೆ, ಬರುತ್ತೆ, ಆದರೆ ಪುಣೆಗೆ ಅಲೆಯುವವರು ಯಾರು? ಅಂದರೆ 18.5ರ ಕಾರು ನಿಮ್ಮ ಮನೆಗೆ ಬರುವಾಗ ಇಪ್ಪತ್ತೂವರೆ.

ಸ್ಟೇಜ್ ಒನ್ ಟ್ಯೂನ್ ಅಂದರೆ ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಟರ್ಬೊ ಪ್ರೆಶರ್ ಏರಿಸುವುದು. ಈ ಇಂಜಿನ್ ಗಟ್ಟಿ, ಒಳ್ಳೆಯ ಟ್ಯೂನ್ ತಡೆಯುತ್ತೆ. ಆದರೆ ಯಾರು ಮಾಡಿದರು, ಯಾವ ಪೆಟ್ರೋಲಿಗೆ ಮಾಡಿದರು, ಟ್ಯೂನ್ ಆದ ಮೇಲೆ ಎಷ್ಟು ಸಲ ನಿಂತಲ್ಲಿಂದ ಪೂರ್ತಿ ತುಳಿದು ಹಾರಿಸಿ ಗೇರ್‌ಬಾಕ್ಸ್ ಹಿಂಡಿದರು, ಇದೆಲ್ಲ ನಿಮಗೆ ಗೊತ್ತಾಗೋದಿಲ್ಲ. ಇನ್ಶೂರೆನ್ಸ್‌ನವರಿಗೆ ತಿಳಿಸದೇ ಮಾಡಿಸಿದ್ದರೆ ನಾಳೆ ಕ್ಲೇಮ್ ಮಾಡಿದಾಗ ಅದೇ ನೆಪ ಆಗಬಹುದು. ಮೂರನೇ ಓನರ್ ಅನ್ನುವುದು ದೊಡ್ಡ ತಪ್ಪಲ್ಲ. ಆದರೆ ಇಂಥ ಕಾರನ್ನು ಒಬ್ಬರು ಎರಡೇ ವರ್ಷಕ್ಕೆ ಮಾರಿದ್ದರೆ ಯಾಕೆ ಅಂತ ಕೇಳಲೇಬೇಕು.

ಆಮೇಲೆ ವೀಲ್. ಕಂಪನಿ ಕೊಟ್ಟಿದ್ದು 17 ಇಂಚು, 225/45 ಟೈರ್. ಆ 45 ಅಂದರೆ ಟೈರಿನ ಅಗಲದ ಶೇ. 45ರಷ್ಟು ರಬ್ಬರಿನ ಗೋಡೆ, ಸುಮಾರು 10 ಸೆಂ.ಮೀ. ಇದೇ ನಮ್ಮ ರಸ್ತೆಗೆ ಕಡಿಮೆ. 18 ಇಂಚು ಹಾಕಿದರೆ ಗೋಡೆ ಇನ್ನೂ ತೆಳ್ಳಗಾಗಿ 9ಕ್ಕೆ ಇಳಿಯುತ್ತೆ. ರಿಪ್ಪನ್‌ಪೇಟೆ ರಸ್ತೆಯಲ್ಲಿ ನೀರು ತುಂಬಿದ ಹೊಂಡಕ್ಕೆ ಒಂದು ಸಲ ಇಳಿಸಿದರೆ ಟೈರಿನ ಪಕ್ಕ ಗೆಡ್ಡೆ ಬಂದ ಹಾಗೆ ಉಬ್ಬುತ್ತೆ. ಅದಕ್ಕೆ ಪಂಚರ್ ಅಂಗಡಿಯಲ್ಲಿ ಮದ್ದಿಲ್ಲ, ಹೊಸ ಟೈರೇ. ಕರ್ವ್ ಟಾಪ್ ಮಾಡೆಲ್‌ನಲ್ಲೂ 18 ಇಂಚು ಇದೆಯಲ್ಲ ಅನ್ನಬಹುದು. ಅದು 215/55, ಗೋಡೆ ಹತ್ತಿರ ಹತ್ತಿರ 12 ಸೆಂ.ಮೀ. ವೀಲ್ ಇಂಚು ನೋಡಬೇಡಿ, ರಬ್ಬರ್ ನೋಡಿ.

ಹಾಗಾದರೆ ಎಂಥದ್ದು ಹುಡುಕಬೇಕು? ಕೆಎ ನಂಬರ್, ಒಬ್ಬರು ಅಥವಾ ಇಬ್ಬರು ಓನರ್, ಕಂಪನಿಯಿಂದ ಬಂದ ಹಾಗೇ ಇರುವುದು. ಇಷ್ಟು ಸಿಕ್ಕಿದ ಮೇಲೆ ನೋಡಲು ಹೋಗುವ ರೀತಿ ಇದೆ. ಬೆಳಿಗ್ಗೆ 8ಕ್ಕೆ ಬರುತ್ತೇನೆ ಅಂತ ಹೇಳಿ ಏಳೂವರೆಗೆ ಹೋಗಿ. ಮಾತು ಆಡುತ್ತಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿದ್ದರೆ ನೀವೇ ಕೂತು ಸ್ಟಾರ್ಟ್ ಮಾಡಿ, ಕಿಟಕಿ ಇಳಿಸಿ, ರೇಡಿಯೊ ಆಫ್. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಸರಪಳಿ ಎಳೆದ ಹಾಗೆ ಸದ್ದು ಬಂದರೆ ಟೈಮಿಂಗ್ ಚೈನ್ ಕಡೆ ಅನುಮಾನ ಪಡಬೇಕು. ಕೂಲಂಟ್ ಡಬ್ಬಿ ನೋಡಿ, ಒಳಗಿರುವುದು ಗುಲಾಬಿ ಬಣ್ಣದ್ದಿರಬೇಕು. ನೀರಿನ ಹಾಗೆ ತೆಳ್ಳಗೆ ಕಂಡರೆ ಯಾರೋ ಸೋರುವ ಕಾರಿಗೆ ನಲ್ಲಿನೀರು ಹಾಕುತ್ತಾ ಬಂದಿದ್ದಾರೆ. ಟಾರ್ಚ್ ಹಿಡಿದು ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್‌ಗೆ ಗಾಳಿ ಒಯ್ಯುವ ಕೊಳವೆಗಳ ಕೆಳಗೆ ಇಣುಕಿ. ವಾಟರ್ ಪಂಪ್, ಥರ್ಮೋಸ್ಟಾಟ್ ಎರಡೂ ಸೇರಿದ ಪ್ಲಾಸ್ಟಿಕ್ ಹೌಸಿಂಗ್ ಅಲ್ಲೇ ಇರುವುದು, ಈ ಇಂಜಿನ್ ಬಳಸುವವರಿಗೆಲ್ಲ ಗೊತ್ತಿರುವ ದುರ್ಬಲ ಜಾಗ ಅದು. ಒಣಗಿದ ಗುಲಾಬಿ ಹಕ್ಕಳೆ ಕಂಡರೆ ಸೋರಿಕೆ ಶುರುವಾಗಿದೆ ಅಂತ ಅರ್ಥ. ಅದೊಂದಕ್ಕೇ ಬೇಡ ಅನ್ನಬೇಡಿ, ಬೆಲೆಯಲ್ಲಿ ಇಳಿಸಿ.

ಗೇರ್‌ಬಾಕ್ಸ್ ವಿಷಯದಲ್ಲಿ ಆರ್‌ಎಸ್ ಅದೃಷ್ಟವಂತ. ಇದರದ್ದು ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್, ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತೆ, ಹಾಗಾಗಿ ತಂಪಾಗಿರುತ್ತೆ. ಅದೇ ಸ್ಕೋಡಾ, ಫೋಕ್ಸ್‌ವ್ಯಾಗನ್ ಬಳಗದ ಸಣ್ಣ ಕಾರುಗಳಲ್ಲಿ ಬರುವ ಏಳು ಗೇರಿನದ್ದು ಒಣ ಕ್ಲಚ್. ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಯ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಇಂಚಿಂಚು ಸರಿದರೆ ಅದು ಬಿಸಿಯಾಗಿ ಮುನಿಸಿಕೊಳ್ಳುತ್ತೆ. ಒದ್ದೆ ಕ್ಲಚ್‌ಗೆ ಬೇಕಾಗಿರುವುದು ಒಂದೇ, 60,000 ಕಿ.ಮೀ.ಗೆ ಎಣ್ಣೆ ಮತ್ತು ಫಿಲ್ಟರ್ ಬದಲಾವಣೆ. ಹೀಗಾಗಿ 60 ಸಾವಿರ ದಾಟಿದ ಯಾವುದೇ ಆರ್‌ಎಸ್ ನೋಡಿದರೂ ಮೊದಲು ಆ ಬಿಲ್ ಕೇಳಿ. ಬಾಯಿಮಾತಿನ ಮಾಡಿಸಿದ್ದೀವಿ ಬೇಡ, ಬಿಲ್ ಬೇಕು. ಆಮೇಲೆ ಒಂದು ಏರಿನಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟು ನಿಧಾನಕ್ಕೆ ಹೊರಡಿ. ನಡುಗಿದರೆ ಬಿಟ್ಟು ಬನ್ನಿ.

ಕೊನೆಗೆ ಸ್ಕ್ಯಾನರ್ ಹಾಕಿಸಿ. ಈ ಬಳಗದ ಕಾರಿಗೆಂದೇ ವಿಸಿಡಿಎಸ್ ಅಂತ ಇದೆ, ಬೆಂಗಳೂರಿನಲ್ಲಿ ಸ್ವತಂತ್ರ ಮೆಕ್ಯಾನಿಕ್‌ಗಳ ಹತ್ತಿರ ಸಿಗುತ್ತೆ. ಯಾವ ದೋಷ ಎಷ್ಟು ಕಿ.ಮೀ.ನಲ್ಲಿ ಬಂತು ಅನ್ನುವುದನ್ನೂ ಅದು ತೋರಿಸುತ್ತೆ. ಮೀಟರ್ 50 ಸಾವಿರ ತೋರಿಸಿ, ಹಳೆಯ ದೋಷದ ದಾಖಲೆ 90 ಸಾವಿರ ಅಂದರೆ ಮುಂದಿನದ್ದು ನಾನು ಹೇಳಬೇಕಾ? ಟೈರಿನ ಪಕ್ಕದ ಕೊನೆಯ ನಾಲ್ಕಂಕಿ ಓದಿ ಬನ್ನಿ, 3219 ಅಂದರೆ 2019ರ 32ನೇ ವಾರ ತಯಾರಾದದ್ದು. ಮೇಲಿನ ಗ್ರಿಪ್ ಎಷ್ಟೇ ಉಳಿದಿರಲಿ, ಅಷ್ಟು ಹಳೆಯ ರಬ್ಬರ್ ನಮ್ಮ ಮಳೆಗೆ ಹಿಡಿಯೋದಿಲ್ಲ.

ಪೆಟ್ರೋಲ್ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥೆನಾಲ್ ಬೆರೆತದ್ದು. 2018ರ ಕಾರು ಅದಕ್ಕೆಂದು ಮಾಡಿದ್ದಲ್ಲ, ಆ ಲೆಕ್ಕ ಹಿಡಿದ ಕಾರುಗಳು ನಮ್ಮಲ್ಲಿ ಶುರುವಾಗಿದ್ದು 2023ರ ಏಪ್ರಿಲ್‌ನಿಂದ. ನಾಳೆಯೇ ಇಂಜಿನ್ ಹೋಗಿಬಿಡುತ್ತೆ ಅಂತ ಹೆದರಿಸುವವರ ಮಾತು ಕೇಳಬೇಡಿ. ಮೈಲೇಜ್ ಸ್ವಲ್ಪ ಇಳಿಯುತ್ತೆ, ರಬ್ಬರ್ ಪೈಪುಗಳ ಮೇಲೆ ಕಣ್ಣಿಡಬೇಕು. ನಮ್ಮ ಕಡೆ ಮುಖ್ಯವಾದದ್ದು ಬೇರೆ: ಎಥೆನಾಲ್ ಗಾಳಿಯ ತೇವ ಹೀರುತ್ತೆ. ಮಳೆಗಾಲದಲ್ಲಿ ಎರಡು ವಾರ ಕಾರು ಕೊಟ್ಟಿಗೆ ಪಕ್ಕ ನಿಲ್ಲುವುದಾದರೆ ಟ್ಯಾಂಕ್ ಫುಲ್ ಮಾಡಿ ನಿಲ್ಲಿಸಿ, ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಮತ್ತೆ ಈ ಇಂಜಿನ್ 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್ ಕೇಳುತ್ತೆ. 95 ಆಕ್ಟೇನ್ ಅಂದರೆ ಎಥೆನಾಲ್ ಇಲ್ಲ ಅಂತ ಅಲ್ಲ, ಅದೇ ಬೇರೆ, ಇದೇ ಬೇರೆ.

ಬ್ರೇಕ್ ಆಯಿಲ್ ಕೂಡ ತೇವ ಹೀರುವ ಜಾತಿಯೇ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೆಯ ಆಯಿಲ್‌ನಲ್ಲಿ ಘಾಟಿ ಇಳಿಯುವಾಗ ಬಿಸಿಯಾಗಿ ಪೆಡಲ್ ಮೆತ್ತಗಾಗುವುದು ಇದರಿಂದಲೇ. ಇಲಿಗೆ ಮಾತ್ರ ನನ್ನ ಹತ್ತಿರ ಪೂರ್ತಿ ಮದ್ದಿಲ್ಲ. ಅಡಿಕೆ ಒಣಗಿಸುವ ಅಂಗಳದ ಹತ್ತಿರ ನಿಲ್ಲಿಸಬೇಡಿ, ರಾತ್ರಿ ಬಾನೆಟ್ ತೆರೆದಿಡಿ. ಬೆಳಕಿದ್ದ ಕಡೆ ಅದು ಗೂಡು ಕಟ್ಟಲ್ಲ.

ಈಗ ನಿಮ್ಮ ಮನೆಯ ದಾರಿ. ಆರ್‌ಎಸ್ ಸಾಮಾನ್ಯ ಆಕ್ಟೇವಿಯಾಕ್ಕಿಂತ ತಗ್ಗು. ಯಾರೋ ಹೇಳಿದ ಕ್ಲಿಯರೆನ್ಸ್ ಅಂಕಿ ನಂಬಿ ಕೂರುವ ಬದಲು ನಾನು ಗಿರಾಕಿಗಳಿಗೆ ಹೇಳುವ ಉಪಾಯ ಮಾಡಿ. ಬೊಲೆರೊದ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರದ ನಡುವಿನ ದೂರ, 2680 ಮಿ.ಮೀ., ಆಕ್ಟೇವಿಯಾದ್ದೂ ಹೆಚ್ಚು ಕಡಿಮೆ ಅಷ್ಟೇ. ಇದು ನಿಮ್ಮ ಅದೃಷ್ಟ. ಒಂದು ಅಡಿಕೆ ದಬ್ಬೆ ತಗೊಂಡು ಬೊಲೆರೊದ ಹೊಟ್ಟೆ ಕೆಳಗೆ, ಮುಂದಿನ ಹಿಂದಿನ ಚಕ್ರದ ನಟ್ಟನಡುವೆ ಅಡ್ಡಲಾಗಿ, ಎರಡೂ ಕಡೆ ಫುಟ್‌ಬೋರ್ಡ್‌ಗೆ ಹಗ್ಗ ಹಾಕಿ ನೆಲದಿಂದ 12 ಸೆಂ.ಮೀ. ಎತ್ತರಕ್ಕೆ ತೂಗಿ ಕಟ್ಟಿ. ಆರ್‌ಎಸ್‌ಗೆ ನಾಲ್ಕು ಜನ, ಎರಡು ಮೂಟೆ ತುಂಬಿದಾಗ ಅದರ ಹೊಟ್ಟೆ ಕೆಳಗೆ ಅದಕ್ಕಿಂತ ಜಾಸ್ತಿ ಉಳಿಯಲ್ಲ ಅಂತಲೇ ಇಟ್ಟುಕೊಳ್ಳೋಣ. ಇನ್ನೊಂದು ದಬ್ಬೆ ಮುಂದಿನ ಬಂಪರಿಗಿಂತ ಒಂದು ಗೇಣು ಮುಂದೆ ಚಾಚಿ ಅಷ್ಟೇ ಎತ್ತರಕ್ಕೆ ಕಟ್ಟಿ, ಆಕ್ಟೇವಿಯಾದ ಮೂತಿ ಉದ್ದ. ಅಪ್ಪಯ್ಯ ನಿಧಾನಕ್ಕೆ ಓಡಿಸಲಿ, ನೀವು ಪಕ್ಕದಲ್ಲಿ ನಡೆಯಿರಿ. ಉಣಗೋಲಿನಿಂದ ಡಾಂಬರಿನ ತನಕ. ದಬ್ಬೆ ಟಕ್ ಅಂದಲ್ಲೆಲ್ಲ ಒಂದು ಗುರುತು ಹಾಕಿ, ಕವಳದ ಸುಣ್ಣ ಆದರೂ ಸರಿ. ಐದಾರು ಕಡೆ ಅಂದರೆ ಒಂದು ಟಿಪ್ಪರ್ ಜಲ್ಲಿ, ಎರಡು ಆಳಿನ ಕೆಲಸ. ಇಪ್ಪತ್ತು ಕಡೆ ಅಂದರೆ ಆರ್‌ಎಸ್ ಆಸೆ ಬಿಡಿ, ಅಥವಾ ಮಳೆಗಾಲ ಪೂರ್ತಿ ಅದನ್ನು ರಸ್ತೆ ಬದಿಯ ಯಾರದ್ದೋ ಶೆಡ್‌ನಲ್ಲಿ ನಿಲ್ಲಿಸುವ ವ್ಯವಸ್ಥೆ ಮಾಡಿಕೊಳ್ಳಿ. ಒಂದು ವೇಳೆ ಇಂಜಿನ್ ಕೆಳಗಿನ ಗಾರ್ಡ್ ಮುರಿದು ಆಯಿಲ್ ಸಂಪ್ ಒಡೆದರೆ, ಆಯಿಲ್ ಇಲ್ಲದೇ ಇಂಜಿನ್ ಹಿಡಿಯಲು ಸ್ವಲ್ಪ ಹೊತ್ತು ಸಾಕು. ಆಮೇಲೆ ನಾಲ್ಕು ಲಕ್ಷದ ಗಂಟೂ ಸಾಲೋದಿಲ್ಲ.

ದಾರಿ ಕೈಕೊಟ್ಟರೆ, ಅಥವಾ ಒಳ್ಳೆಯ ಆರ್‌ಎಸ್ ಸಿಗದೇ ಹೋದರೆ ಏನು? ಆಗಲೂ ಕರ್ವ್‌ಗೆ ಓಡಬೇಡಿ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಒಮ್ಮೆ ಓಡಿಸಿ ನೋಡಿ, 1.5 ಲೀಟರಿನದ್ದು. ಕೂಪೆ ಅಲ್ಲ, ಡಿಕ್ಕಿ ಇರುವ ಮಾಮೂಲಿ ಸೆಡಾನ್, ನೋಡಿದವರು ತಿರುಗಿ ನೋಡೋದೂ ಇಲ್ಲ. 150 ಪಿಎಸ್, 250 ನ್ಯೂಟನ್ ಮೀಟರ್, ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ., ಗ್ಲೋಬಲ್ ಎನ್‌ಕ್ಯಾಪ್ ಐದು ಸ್ಟಾರ್. ಮೈ ಹಗುರ. ತಿರುವಿನಲ್ಲಿ ನೀವು ಹೇಳಿದ ಮಾತು ಕೇಳುತ್ತೆ. ಮ್ಯಾನ್ಯುಯಲ್ ಗೇರ್ ಸಿಕ್ಕರೆ ಅದನ್ನೇ ತಗೊಳ್ಳಿ, ಅದರ ಆಟೊಮ್ಯಾಟಿಕ್ ಆ ಒಣ ಕ್ಲಚ್ಚಿನದ್ದು. ಆರ್‌ಎಸ್ ಹತ್ತಿದವರಿಗೆ ಇದು ಮಜ್ಜಿಗೆ ಅನ್ನಿಸಬಹುದು, ಆದರೆ ವಾರಂಟಿ ಇರುವ ಮಜ್ಜಿಗೆ. ನಿಮ್ಮ ಪತ್ರದಲ್ಲಿ ಬೊಲೆರೊ ಇಲ್ಲದೇ ಹೋಗಿದ್ದರೆ ಇಷ್ಟು ಉದ್ದ ಬರೆಯದೇ ವರ್ಟಸ್ ತಗೊಳ್ಳಿ ಅಂತ ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ.

ಬೊಲೆರೊ ಇರುವುದರಿಂದ ನನ್ನ ಮಾತು ಆರ್‌ಎಸ್ ಕಡೆಗೇ. ತಿಂಗಳಿಗೆ ಎರಡು ಸಲ ಬೆಂಗಳೂರು, ಮಧ್ಯೆ ಅರಸೀಕೆರೆ, ತಿಪಟೂರು ಕಡೆಯ ಉದ್ದ ರಸ್ತೆ, ಇತ್ತ ಬಂದರೆ ಘಾಟಿ. ಈ ಕಾರು ಮಾಡಿರುವುದೇ ಅಂಥ ಓಡಾಟಕ್ಕೆ. ಮುಂದೆ ಮಾರುವಾಗಲೂ ತೀರಾ ಮೋಸ ಆಗಲ್ಲ. 2025ರ ಅಕ್ಟೋಬರ್‌ನಲ್ಲಿ ಹೊಸ ಆರ್‌ಎಸ್ ಬಂದಾಗ ಬೆಲೆ 50 ಲಕ್ಷ, ಇಡೀ ದೇಶಕ್ಕೆ 100 ಕಾರು. ಹಾಗಾಗಿ ಹಳೆಯದನ್ನು ಕೇಳುವವರು ಇದ್ದೇ ಇರುತ್ತಾರೆ. ಅವಸರ ಮಾತ್ರ ಬೇಡ. ಅಡಿಕೆ ಕೊಯ್ಲು ಮುಗಿಯುವ ತನಕ ಹುಡುಕಿ, ಸಿಗಲಿಲ್ಲ ಅಂದರೆ ವರ್ಟಸ್.

ಅಪ್ಪಯ್ಯನಿಗೆ ಪವರ್, ಟಾರ್ಕ್ ಅಂತ ಹೇಳಲು ಹೋಗಬೇಡಿ. ಆಕ್ಟೇವಿಯಾದ ಡಿಕ್ಕಿ 590 ಲೀಟರ್, ಹೊಸ ಕರ್ವ್‌ಗಿಂತ 90 ಲೀಟರ್ ಜಾಸ್ತಿ, ಹಿಂದಿನ ಬಾಗಿಲು ಗಾಜಿನ ಸಮೇತ ಮೇಲಕ್ಕೆ ಎದ್ದುಕೊಳ್ಳುತ್ತೆ, ಸೀಟ್ ಮಡಚಿದರೆ ಮೂಟೆಯೂ ಹಿಡಿಯುತ್ತೆ ಅನ್ನಿ. ನನ್ನ ಗಿರಾಕಿಯೊಬ್ಬರ ತಂದೆ ಒಪ್ಪಿದ್ದು ಈ ಒಂದು ಮಾತಿಗೇ.

ಪುಣೆ ಕಾರಿಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ಇವತ್ತೇ ಫೋನ್ ಮಾಡಿ ಬೇಡ ಅಂದುಬಿಡಿ, ಬೆಲೆ ಇಳಿಸಿದರೂ ಬೇಡ. ದಬ್ಬೆ ಕಟ್ಟಿ ನೋಡಿದ ಮೇಲೆ ಎಷ್ಟು ಕಡೆ ಟಕ್ ಅಂತು ಅಂತ ಬರೆಯಿರಿ. ಆಮೇಲೆ ಜಲ್ಲಿ ಎಲ್ಲೆಲ್ಲಿ ಹಾಕಬೇಕು ನೋಡೋಣ.